ಚಂದ್ರನ ದಸ್ತಗಿರಿಯಾದ ವಾರ

ತಲೆಕೆಳಗು ಓದುವುದು ನನ್ನ ಕಸುಬು.
ಮಂಗಳೂರು ಬಂದರಿನ ಹಿಂದಿನ ಓಣಿ,
ಒಣಮೀನಿನ ವಾಸನೆಗೂ
ಹಂಚಿನ ಕಾರ್ಖಾನೆಯ ಹೊಗೆಗೂ ನಡುವೆ
ಬಾಳಿಗರ ಪ್ರೆಸ್ಸು.
ಹತ್ತೊಂಬತ್ತು ವರ್ಷ ಸೀಸದ ಮೊಳೆ ಹೆಕ್ಕಿ
ಬೆರಳಿಗೇ ಕಣ್ಣು ಬಂದಿತ್ತು.

ನಮ್ಮ ವಾರಪತ್ರಿಕೆಯ ಸಂಪಾದಕೀಯ
ಬೆಳ್ಳಗೆ, ಖಾಲಿ ಬರುತ್ತಿದ್ದ ವರ್ಷ ಅದು.
ಆಮೇಲೆ ಖಾಲಿ ಬಿಡಬಾರದೆಂದೂ ಅಪ್ಪಣೆ ಬಂತು.
ಜಾಗ ತುಂಬಲು ಏನಾದರೂ ಬೇಕಲ್ಲ,
ಬೆನೆಡಿಕ್ಟಾ ಟೀಚರ್ ಒಂದು ಗ್ರಹ ಕಳುಹಿಸಿದರು,
ಹಾಜರಿ ಪುಸ್ತಕದ ಹಾಳೆ, ಹಸಿರು ಶಾಯಿ,
ಮೇಲೆ: ‘ಮಕ್ಕಳಿಗಾಗಿ ವಿಜ್ಞಾನ ಕಥೆ.’

ಆ ಗ್ರಹದಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು;
ಗಡಿಯಾರವನ್ನೇ ರೈಲಿನ ಹಿಂದೆ ಕಟ್ಟಿದ್ದರು.
ಪ್ರತಿಧ್ವನಿಗೆ ಪರವಾನಗಿ ಬೇಕಿತ್ತು;
ಬಾವಿಗೆ ಬಗ್ಗಿ ಕೂಗಿದವನು
ಎರಡು ಬಾರಿ ತಪ್ಪಿತಸ್ಥ.
ಐದನೆಯ ಕಂತಿನಲ್ಲಿ
ಮುಂಜಾಗ್ರತೆಯ ಕ್ರಮವಾಗಿ
ಚಂದ್ರನನ್ನು ದಸ್ತಗಿರಿ ಮಾಡಿದರು:
ರಾತ್ರಿ ಹೊತ್ತು ಒಬ್ಬನೇ ತಿರುಗುತ್ತಾನೆ,
ಕಡಲನ್ನು ಎಬ್ಬಿಸುತ್ತಾನೆ,
ತಿಂಗಳಿಗೊಮ್ಮೆ ತಲೆಮರೆಸಿಕೊಳ್ಳುತ್ತಾನೆ.
ಅಂದಿನಿಂದ ಅಲ್ಲಿನ ಸಮುದ್ರ
ಮುಂದಿನ ಬೆಂಚಿನ ಹುಡುಗನಂತೆ ಕೈಕಟ್ಟಿತು.
ದೋಣಿಗಳು ನಿಂತಲ್ಲೇ ನಿಂತವು.

ಸಂಕನಗೌಡರು ಕೆಂಪು ಪೆನ್ಸಿಲು ಚೂಪು ಮಾಡಿ ಓದಿದರು.
ಘಟ್ಟದ ಮೇಲಿನವರು. ಒಳ್ಳೆಯ ಮನುಷ್ಯ,
ಚಾಕ್ಕೆ ಎರಡು ಚಮಚ ಸಕ್ಕರೆ.
‘ಈ ಚಂದ್ರ ಅಂದ್ರ ಯಾರ್ರೀ?’
‘ಚಂದ್ರ ಅಂದ್ರೆ ಚಂದ್ರ ಸಾರ್,’
ಬಾಳಿಗರು ಕಿಟಕಿಯ ಹೊರಗೆ ಕೈ ತೋರಿಸಿದರು.
ನಡುಮಧ್ಯಾಹ್ನ. ಕಾಗೆ ಮಾತ್ರ ಇತ್ತು.

ಕಥೆ ಪಾಸಾಯಿತು.
ಗೌಡರ ಅನುಮಾನ ಪಾಸಾಗಲಿಲ್ಲ.
ಪುಟ ಮಗುಚಿದರು. ಮೂಲೆಯಲ್ಲಿತ್ತು
ವಾರ ವಾರವೂ ನಾವು ಹಾಕುವ ಪಟ್ಟಿ:
ಅಳಿವೆಯಲ್ಲಿ ಉಬ್ಬರ ಇಷ್ಟು ಗಂಟೆಗೆ,
ಇಳಿತ ಇಷ್ಟು ಗಂಟೆಗೆ.
ದಿನಕ್ಕೆ ಎರಡು ಸಲ ಏಳುವವರು ಯಾರು?
ಹೊತ್ತು ಗೊತ್ತು ಮಾಡಿದವರು ಯಾರು?
ಎಳೆದರು ನೋಡಿ ಗೀಟು,
ಮೂಲೆಯಿಂದ ಮೂಲೆಗೆ.

ಚಂದ್ರನ ಸುಳ್ಳು ಅಚ್ಚಾಯಿತು.
ಕಡಲಿನ ನಿಜ ಬಿದ್ದುಹೋಯಿತು.

ಶನಿವಾರ ಬೆಂಗ್ರೆಯಿಂದ ಹೊಳೆ ದಾಟಿ ಬಂದ
ತ್ಯಾಂಪಣ್ಣ ಪುತ್ರನ್, ಒದ್ದೆ ಕಾಲು, ಕೈಯಲ್ಲಿ ಪತ್ರಿಕೆ.
ಅವನಿಗೆ ಪಟ್ಟಿ ಯಾತಕ್ಕೆ,
ನೀರಿನ ಹೊತ್ತು ಅವನ ಮೊಣಕಾಲಿಗೇ ಗೊತ್ತು.
‘ಪಟ್ಟಿ ಕಾಣುವುದಿಲ್ಲ ಮಾರಾಯ್ರೆ,’ ಎಂದ,
ದನಿ ತಗ್ಗಿಸಿ: ‘ನಿಜಕ್ಕೂ ಹಿಡಿದರಾ?’
ಯಾರನ್ನು ಎಂದು ನಾವು ಕೇಳಲಿಲ್ಲ.
ಅವನ ತಮ್ಮ, ಹಂಚಿನ ಕಾರ್ಖಾನೆಯ ಯೂನಿಯನ್ನಿನವ,
ಆಟಿ ತಿಂಗಳಿಂದ ಮನೆಗೆ ಬಂದಿರಲಿಲ್ಲ.

ಆರನೆಯ ಕಂತೂ ಬರಲಿಲ್ಲ.
ಟೀಚರಿಗೆ ಶಿಕ್ಷೆಯಾದದ್ದು ಕಥೆಗಲ್ಲ,
ಆಪರೇಷನ್ನಿಗೆ ಎರಡು ಕೇಸು ತರಲಿಲ್ಲವೆಂದು.
ಸಂಬಳ ನಿಂತಿತು,
ಕಡಲಿಲ್ಲದ ಊರಿಗೆ ವರ್ಗವಾಯಿತು.
‘ಮುಂದಿನ ವಾರ’ ಎಂಬ ಎರಡು ಪದ
ಬಹಳ ದಿನ ಗ್ಯಾಲಿಯಲ್ಲೇ ಇದ್ದವು,
ಬಿಚ್ಚಿ ಖಾನೆಗೆ ಹಾಕಲು ಕೈ ಬರಲಿಲ್ಲ.

ಚುನಾವಣೆ ಮುಗಿದ ಮೇಲೆ ಬಂದರು. ಕೂದಲು ನೆರೆತಿತ್ತು.
ಹಳೆಯ ಪ್ರೂಫು ಹುಡುಕಿ ಕೊಟ್ಟೆ.
ಅಳುತ್ತಾರೇನೋ ಅಂದುಕೊಂಡೆ;
ಕನ್ನಡಕ ಏರಿಸಿ, ಕೊನೆಯ ಸಾಲಿಗೆ ಬೆರಳಿಟ್ಟರು:
‘ನಾನು ಬರೆದದ್ದು “ಮುಂದೆ ಅಳಿವೆ.”
ನೀವು ಜೋಡಿಸಿದ್ದು “ಮುಂದೆ ಅಳಿವು.”’
‘ವೆ, ವು ಖಾನೆಗಳು ಅಕ್ಕಪಕ್ಕ, ಟೀಚರ್.’
ಅದು ನಿಜ.
ಹತ್ತೊಂಬತ್ತು ವರ್ಷದಲ್ಲಿ
ಆ ಕೈ ಒಮ್ಮೆಯೂ ಖಾನೆ ತಪ್ಪಿರಲಿಲ್ಲ,
ಅದೂ ನಿಜ.

ಅವರು ನನ್ನನ್ನು ನೋಡಿದರು,
ತಲೆಕೆಳಗಾದ ಸಾಲು ಓದುವವರ ಹಾಗೆ.
ತಿದ್ದಲು ತೆಗೆದ ಹಸಿರು ಪೆನ್ನಿಗೆ
ಮತ್ತೆ ಮುಚ್ಚಳ ಹಾಕಿದರು.
ಚೀಲದಲ್ಲಿ ಆರನೆಯ ಕಂತಿತ್ತು. ಕೊಡಲಿಲ್ಲ.
‘ಇರಲಿ,’ ಎಂದರು, ‘ಮುಂದೆ ಬೇಕಾದೀತು.’